ಪದ ಇದೆಯೇ ಎಂದಷ್ಟೇ ಕೇಳಿದರೆ ಸಾಲದು

ಸ್ಕ್ರಾಬಲ್ ಆಡುವವರಲ್ಲಿ ಈಗ ಒಂದು ಕೆಟ್ಟ ಚಾಳಿ ಬೇರೂರಿದೆ. ಎದುರಾಳಿ ಕೇಳರಿಯದ ಪದವೊಂದನ್ನು ಹಲಗೆಯ ಮೇಲಿಟ್ಟ ಕೂಡಲೇ ಫೋನಿನಲ್ಲಿ ಒತ್ತಿ ನೋಡುತ್ತಾರೆ. ಹಸಿರು ಗುರುತು ಕಂಡರೆ ಅಂಕ ಬರೆದುಕೊಂಡು ಪದವನ್ನು ಅಲ್ಲಿಗೇ ಮರೆಯುತ್ತಾರೆ. ಸಿಂಧುವೋ ಅಸಿಂಧುವೋ ಎಂಬ ಒಂದೇ ಉತ್ತರಕ್ಕೆ ತೃಪ್ತರಾಗುವ ಇವರಿಗೆ ಈ ಆಟದ ಸ್ವಾರಸ್ಯ ದಕ್ಕುವುದಿಲ್ಲ. ಎರಡಕ್ಷರದ ಪದಗಳನ್ನು ಗಿಳಿಪಾಠ ಒಪ್ಪಿಸಿ ಪಂಡಿತರೆನಿಸಿಕೊಳ್ಳುವವರೂ ಇದೇ ಸಾಲಿನವರು. ಹೊಸದಾಗಿ ಆಟಕ್ಕೆ ಬರುವವರು ಮೊದಲ ದಿನದಿಂದಲೇ ಎರಡನೆಯ ಪ್ರಶ್ನೆಯೊಂದನ್ನು ರೂಢಿಸಿಕೊಳ್ಳಬೇಕು: ಈ ಪದದ ಅರ್ಥವೇನು?

ಸಿಂಧುತ್ವದ ಮಾತು ಬೇಗ ಮುಗಿಯುವಂಥದು. ಅದನ್ನು ನಿರ್ಧರಿಸುವುದು ಮನೆಯಲ್ಲಿರುವ ನಿಘಂಟಲ್ಲ, ಆಟಕ್ಕೆಂದೇ ಒಪ್ಪಿಕೊಂಡ ಪದಪಟ್ಟಿ. ಉತ್ತರ ಅಮೆರಿಕದ ಪಟ್ಟಿ ಬೇರೆ. ಭಾರತದ ಪಂದ್ಯಾವಳಿಗಳಲ್ಲಿ ನಡೆಯುವ ಕಾಲಿನ್ಸ್ ಪಟ್ಟಿ ಬೇರೆ. ಜಗತ್ತೆಲ್ಲ ಆಡುವ 'ಓಕೆ' ಎಂಬ ಮಾತಿಗೆ ಅಮೆರಿಕದ ಅಧಿಕೃತ ಸ್ಕ್ರಾಬಲ್ ನಿಘಂಟಿನಲ್ಲಿ ಜಾಗ ಸಿಕ್ಕಿದ್ದು 2018ರಲ್ಲಿ. ಯಾವ ಪಟ್ಟಿಯ ಪ್ರಕಾರ ಆಡುತ್ತೇವೆಂದು ಮೊದಲೇ ಗೊತ್ತುಮಾಡಿಕೊಳ್ಳಿ, ಜಗಳ ಹುಟ್ಟುವುದಿಲ್ಲ.

ಅರ್ಥದ ವಿಚಾರ ಹಾಗಲ್ಲ. ಕ್ಯೂ ಅಕ್ಷರವಿರುವ ಎರಡು ಪುಟ್ಟ ಪದಗಳನ್ನು ನೋಡಿ. ಕ್ಯೂ-ಎ-ಟಿ ಎಂದರೆ ಯೆಮನ್, ಇಥಿಯೋಪಿಯಾಗಳಲ್ಲಿ ಜನ ಎಲೆ ಜಗಿಯುವ ಒಂದು ಗಿಡ. ಕ್ಯೂ-ಯು-ಎ ಲ್ಯಾಟಿನ್‌ನಿಂದ ಬಂದ ಅವ್ಯಯ; 'ಆ ನೆಲೆಯಲ್ಲಿ' ಎಂದು ಅದರ ಭಾವ. ಫೋನು ಎರಡಕ್ಕೂ ಒಂದೇ ಹಸಿರು ಗುರುತು ಕೊಡುತ್ತದೆ. ಆದರೆ ಮೊದಲನೆಯದು ನಾಮಪದ, ಅದರ ಕೊನೆಗೆ ಎಸ್ ಹಚ್ಚಿ ಇನ್ನೊಂದು ಪದವನ್ನು ಅಡ್ಡವಾಗಿ ಕಟ್ಟಬಹುದು. ಎರಡನೆಯದಕ್ಕೆ ಎಸ್ ಹಚ್ಚಿದರೆ ಆ ನಡೆಯೇ ಬಿದ್ದುಹೋಗುತ್ತದೆ. ಅರ್ಥ ತಿಳಿದವನಿಗೆ ಇದು ಹೊಳೆಯುತ್ತದೆ, ಗುರುತು ನೋಡಿದವನಿಗೆ ಹೊಳೆಯುವುದಿಲ್ಲ. ನಮ್ಮ ರಾಗಿಯೂ ಆ ಪಟ್ಟಿಗಳಲ್ಲಿದೆ, ಅದೂ ಮೂರು ಬೇರೆ ಬೇರೆ ಕಾಗುಣಿತಗಳಲ್ಲಿ: ನಾಲ್ಕಕ್ಷರದ್ದೊಂದು, ಐದರದ್ದೊಂದು, ಆರರದ್ದೊಂದು. ಮೂರೂ ಒಂದೇ ಧಾನ್ಯವೆಂದು ಅರ್ಥ ಓದಿ ಕಂಡುಕೊಂಡ ಕನ್ನಡಿಗ ಅವನ್ನು ಉರುಹೊಡೆಯಬೇಕಿಲ್ಲ.

ಅರ್ಥ ದಾರಿ ತಪ್ಪಿಸುವುದೂ ಉಂಟಲ್ಲ ಎಂಬ ಆಕ್ಷೇಪವಿದೆ. 'ಆಹ್' ಬರೀ ಉದ್ಗಾರವೆಂದು ನಂಬಿದವನು, ಎದುರಾಳಿ ಅದಕ್ಕೆ ಭೂತಕಾಲದ ಇ-ಡಿ ಹಚ್ಚಿದಾಗ ತಕರಾರೆತ್ತಿ ಸೋಲುತ್ತಾನೆ. ಏಕೆಂದರೆ ಆ ಪದ ಕ್ರಿಯಾಪದವೂ ಹೌದು. ನಿಜ, ಆದರೆ ಇಲ್ಲಿ ಕೈಕೊಟ್ಟಿದ್ದು ಅರೆಬರೆ ತಿಳಿವಳಿಕೆ. ಅಮೆರಿಕದ ನಿಯಮದಲ್ಲಿ ಹೀಗೆ ತಪ್ಪಾಗಿ ತಕರಾರೆತ್ತಿದವನ ಸರದಿಯೇ ಹೋಗುತ್ತದೆ. ನಮೂದನ್ನು ಕೊನೆಯ ಸಾಲಿನವರೆಗೆ ಓದುವುದೇ ಇದಕ್ಕೆ ಮದ್ದು.

ಇದಕ್ಕಿಂತ ಬಲವಾದ ಆಕ್ಷೇಪ ನೈಜಲ್ ರಿಚರ್ಡ್ಸ್ ಅವರದೇ ಸಾಧನೆ. ನ್ಯೂಜಿಲೆಂಡಿನ ಈ ಆಟಗಾರ ಫ್ರೆಂಚ್ ಮಾತಾಡಲು ಬಾರದೆಯೇ 2015ರಲ್ಲಿ ಫ್ರೆಂಚ್ ಸ್ಕ್ರಾಬಲ್‌ನ ವಿಶ್ವ ಪ್ರಶಸ್ತಿ ಗೆದ್ದರು. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಗೆದ್ದರು. ಅರ್ಥವಿಲ್ಲದೆಯೂ ಗೆಲ್ಲಬಹುದೆಂದು ಇದರಿಂದ ಸಿದ್ಧವಾಯಿತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಇಡೀ ಪಟ್ಟಿಯೇ ತಲೆಯಲ್ಲಿರುವವರಿಗೆ ಯಾವ ಪದ ಎಸ್ ಪಡೆಯುತ್ತದೆಂದು ಊಹಿಸುವ ಅಗತ್ಯವೇ ಬೀಳದು. ನಮ್ಮಂಥವರಿಗೆ ಊಹೆಯೇ ಗತಿ, ಊಹೆಗೆ ಅರ್ಥವೇ ಆಧಾರ. ಅವರ ನೆನಪಿನ ಶಕ್ತಿ ಇಲ್ಲದೆ ಅವರ ದಾರಿ ಹಿಡಿದವರ ಕೈಯಲ್ಲಿ ಪಟ್ಟಿಯೂ ಇರುವುದಿಲ್ಲ, ಭಾಷೆಯೂ ಇರುವುದಿಲ್ಲ.

ಪಂದ್ಯದ ನಡುವೆ ನಿರ್ಣಾಯಕರು ಅರ್ಥ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಮನೆಯ ಆಟಕ್ಕೆ ಆ ಕಟ್ಟಳೆ ಇಲ್ಲ. ಕೊನೆಯ ಅಂಕ ಕೂಡಿದ ಮೇಲೆ ಬಿಲ್ಲೆಗಳನ್ನು ಚೀಲಕ್ಕೆ ಸುರಿಯುವ ಮುಂಚೆ, ಗೊತ್ತಿಲ್ಲದ ಪ್ರತಿಯೊಂದು ಪದವನ್ನೂ ದಯವಿಟ್ಟು ಒಳ್ಳೆಯ ನಿಘಂಟಿನಲ್ಲಿ ತೆಗೆದು ಓದಿ.