ದಿವಾಳಿಗೊಂದು ಅರ್ಜಿ, ವಕೀಲರಿಲ್ಲದೆ

ಅಮೆರಿಕದಲ್ಲಿ ಸಾಲ ತೀರಿಸಲಾಗದೆ ಕೈಯೆತ್ತಿದವರು ತಾವೇ ಫೆಡರಲ್ ಕೋರ್ಟಿಗೆ ದಿವಾಳಿ ಅರ್ಜಿ ಹಾಕಿಕೊಳ್ಳಬಹುದು. ಕಂಪನಿಯಾದರೆ ವಕೀಲರು ಬೇಕೇ ಬೇಕು. ವ್ಯಕ್ತಿಗೆ ಆ ಕಟ್ಟುಪಾಡಿಲ್ಲ. ಆದರೆ ಅರ್ಜಿಯ ಮುಖ್ಯ ನಮೂನೆಯಾದ ಫಾರ್ಮ್ 101ರ ಕೊನೆಯ ಪುಟ ಓದಿದರೆ, ಈ ಹಕ್ಕಿನ ಮೇಲೆ ಕೊಟ್ಟವರಿಗೇ ನಂಬಿಕೆ ಇದ್ದಂತಿಲ್ಲ. ವಕೀಲರಿಲ್ಲದೆ ಬಂದವರಿಗೆಂದೇ ಮೀಸಲಾದ ಪುಟವದು. ಒಬ್ಬರೇ ನಿಭಾಯಿಸುವುದು ಬಹಳ ಕಷ್ಟವೆಂದು ಮೊದಲೇ ಎಚ್ಚರಿಸಿ, ಆಮೇಲೆ ಪ್ರಶ್ನೆ ಕೇಳುತ್ತದೆ: ಇದರ ಪರಿಣಾಮ ಬಹುಕಾಲ ಉಳಿಯುತ್ತದೆಂದು ಗೊತ್ತೇ? ತಪ್ಪು ಮಾಹಿತಿ ಕೊಟ್ಟರೆ ದಂಡ, ಜೈಲು ಆಗಬಹುದೆಂದು ಗೊತ್ತೇ? ವಕೀಲರಲ್ಲದವರಿಗೆ ದುಡ್ಡು ಕೊಟ್ಟು ಅರ್ಜಿ ತುಂಬಿಸಿದಿರಾ? ಬಾಗಿಲು ತೆಗೆದವರೇ ಹೊಸ್ತಿಲಿಗೆ ಅಡ್ಡ ನಿಂತ ಹಾಗಿದೆ.

ಹಾಗೆಂದು ಭಾಷೆಯನ್ನು ದೂರುವಂತಿಲ್ಲ. 2015ರ ಡಿಸೆಂಬರ್‌ನಲ್ಲಿ ಈ ಫಾರ್ಮುಗಳನ್ನು ಸಾಮಾನ್ಯರಿಗೆ ತಿಳಿಯುವಂತೆ ಹೊಸದಾಗಿ ಬರೆದರು. ಆಸ್ತಿಯ ಪಟ್ಟಿಯಾದ ಶೆಡ್ಯೂಲ್ ಎ/ಬಿ ಆ ಕೆಲಸದ ಒಳ್ಳೆಯ ಮಾದರಿ. ಪೀಠೋಪಕರಣ, ಟಿವಿ, ಬಟ್ಟೆಬರೆ, ಮದುವೆಯ ಉಂಗುರ, ನಾಯಿ, ಬೆಕ್ಕು, ಹಕ್ಕಿ, ಅರ್ಜಿ ಹಾಕುವ ಹೊತ್ತಿಗೆ ಪರ್ಸಿನಲ್ಲಿದ್ದ ನೋಟು, ಹೀಗೆ ಒಂದೊಂದಕ್ಕೂ ಉದಾಹರಣೆ ಕೊಟ್ಟು ಕೇಳುತ್ತದೆ. (ಬೆಕ್ಕಿಗೆ ಬೆಲೆ ಕಟ್ಟುವುದು ಹೇಗೆಂದು ಮಾತ್ರ ಹೇಳುವುದಿಲ್ಲ.) ತಾಳ್ಮೆ ಇದ್ದವರು ಯಾರೂ ತುಂಬಬಹುದು.

ಎಡವುವುದು ಶೆಡ್ಯೂಲ್ ಸಿ ಬಂದಾಗ. ಇರುವುದರಲ್ಲಿ ಯಾವುದು ನನಗೇ ಉಳಿಯಬೇಕು ಎಂದು ಇಲ್ಲಿ ಬರೆಯಬೇಕು. ಪಕ್ಕದ ಕಾಲಮ್ಮಿನಲ್ಲಿ ಅದು ಯಾವ ಕಾನೂನಿನ ಪ್ರಕಾರ ಎಂದೂ ನಮೂದಿಸಬೇಕು. ಅಲ್ಲಿಯವರೆಗೆ ಬೆಕ್ಕಿನ ಲೆಕ್ಕ ಕೇಳುತ್ತಿದ್ದ ಫಾರ್ಮು ಇದ್ದಕ್ಕಿದ್ದಂತೆ ಸೆಕ್ಷನ್ ಕೇಳುತ್ತದೆ. ಸೆಕ್ಷನ್ನೋ ರಾಜ್ಯಕ್ಕೊಂದು ಬಗೆ. ನ್ಯೂಜೆರ್ಸಿಯವರು ಫೆಡರಲ್ ವಿನಾಯಿತಿಗಳನ್ನು ಆರಿಸಿಕೊಳ್ಳಬಹುದು. ಕ್ಯಾಲಿಫೋರ್ನಿಯಾದವರಿಗೆ ಅದಿಲ್ಲ, ರಾಜ್ಯದ್ದೇ ಎರಡು ಪಟ್ಟಿಗಳಲ್ಲಿ ಒಂದನ್ನು ಹಿಡಿಯಬೇಕು. ಎರಡು ವರ್ಷದೊಳಗೆ ರಾಜ್ಯ ಬದಲಿಸಿದ್ದರೆ ಯಾವ ರಾಜ್ಯದ ನಿಯಮ ಅನ್ವಯ ಎಂಬುದೇ ಮತ್ತೊಂದು ಲೆಕ್ಕ.

ನನ್ನ ದೊಡ್ಡ ತಕರಾರು ಇದಲ್ಲ. ಫಾರ್ಮು ಏನು ಬೇಕೆಂದು ಕೇಳುತ್ತದೆ, ಯಾಕೆ ಬೇಕೆಂದು ಹೇಳುವುದಿಲ್ಲ. ಹಣಕಾಸಿನ ವಿವರ ಕೇಳುವ ಫಾರ್ಮ್ 107ರಲ್ಲಿ ಹಿಂದಿನ ಒಂದು ವರ್ಷದಲ್ಲಿ ಬಂಧುಗಳಿಗೆ ತೀರಿಸಿದ ಸಾಲವೆಷ್ಟು ಎಂಬ ಪ್ರಶ್ನೆಯಿದೆ. ಅಲ್ಲಿ ನೆಲೆಸಿದ ನಮ್ಮವರನ್ನೇ ನೆನೆಯಿರಿ. ಕ್ರೆಡಿಟ್ ಕಾರ್ಡಿನವರು ಕಾಯಲಿ, ಮೊದಲು ಭಾವನ ಕೈಗಡ ತೀರಿಸೋಣ ಎನ್ನುವುದು ನಮ್ಮಲ್ಲಿ ಮರ್ಯಾದೆ. ಅಲ್ಲಿನ ಕಾನೂನಿಗೆ ಅದು ಪಕ್ಷಪಾತ. ಕೋರ್ಟಿನ ಪರವಾಗಿ ಆಸ್ತಿ ನೋಡಿಕೊಳ್ಳುವ ಟ್ರಸ್ಟಿ ಆ ಹಣವನ್ನು ಭಾವನಿಂದಲೇ ವಸೂಲಿ ಮಾಡಬಹುದು. ಆಸ್ತಿ ಜಗತ್ತಿನಲ್ಲಿ ಎಲ್ಲೇ ಇದ್ದರೂ ತೋರಿಸಬೇಕು. ಮೈಸೂರಿನ ಸೈಟು, ಹಾಸನದ ಪಿತ್ರಾರ್ಜಿತ ಜಮೀನಿನ ಹಕ್ಕು, ಎಲ್ಲವೂ ಸೇರಿತು. ಬೇಕೆಂದೇ ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಸಾಲದ ಬಿಡುಗಡೆಯೇ ಕೈತಪ್ಪಬಹುದು. ಒಳ್ಳೆಯ ವಕೀಲರು ಗಳಿಸುವುದು ಫಾರ್ಮು ತುಂಬಿಯಲ್ಲ, ‘ಈ ತಿಂಗಳು ಬೇಡ, ಸ್ವಲ್ಪ ತಡೆಯಿರಿ’ ಎಂಬ ಒಂದು ಮಾತಿನಿಂದ. ಈಗಲೇ ಅರ್ಜಿ ಹಾಕಬೇಕೇ ಎಂಬ ಪ್ರಶ್ನೆಗೆ ಇಷ್ಟೊಂದು ಪುಟಗಳಲ್ಲಿ ಎಲ್ಲೂ ಜಾಗವಿಲ್ಲ.

ಕೈಯಲ್ಲಿ ಕಾಸಿಲ್ಲವೆಂದು ಹೇಳಿಕೊಳ್ಳಲೂ ಕಾಸು ಬೇಕು. ಆಸ್ತಿ ಮಾರಿ ಸಾಲ ಚುಕ್ತಾ ಮಾಡುವ ಚಾಪ್ಟರ್ 7ಕ್ಕೆ ಶುಲ್ಕ 338 ಡಾಲರ್. ಆದಾಯ ಬಡತನದ ರೇಖೆಯ ಒಂದೂವರೆ ಪಟ್ಟಿಗಿಂತ ಕಡಿಮೆಯಿದ್ದರೆ ಮನ್ನಾ ಕೇಳಬಹುದು, ಇಲ್ಲವೇ ನಾಲ್ಕು ಕಂತು. ಅರ್ಜಿಗೆ ಮುಂಚೆ ಸಾಲದ ಬಗ್ಗೆ ಒಂದು ಸಮಾಲೋಚನೆ, ಅರ್ಜಿಯಾದ ಮೇಲೆ ಹಣ ನಿರ್ವಹಣೆಯ ಒಂದು ಪಾಠ, ಎರಡೂ ಕಡ್ಡಾಯ. ಆಸ್ಪತ್ರೆಯ ಬಿಲ್ಲಿನಿಂದ ಮುಳುಗಿದವರಿಗೂ ಮಿತವ್ಯಯದ ಉಪದೇಶ!

ಇಷ್ಟು ದಾಟಿದವರಿಗೆ ಮುಂದಿನದು ಅಷ್ಟು ಕಷ್ಟವಲ್ಲ. ಅರ್ಜಿ ದಾಖಲಾದ ಕ್ಷಣದಿಂದ ವಸೂಲಿಯ ಫೋನುಗಳು, ಸಂಬಳದ ಜಪ್ತಿ ನಿಲ್ಲಬೇಕು. ಕೆಲವು ವಾರಗಳಲ್ಲಿ ಟ್ರಸ್ಟಿಯ ಎದುರು ಪ್ರಮಾಣ ಮಾಡಿ ಉತ್ತರಿಸುವ ಸಭೆ. ಸಾಲ ಕೊಟ್ಟವರು ಬರುವುದು ಅಪರೂಪ. ನ್ಯಾಯಾಧೀಶರ ಮುಖ ನೋಡದೆಯೇ ಎಷ್ಟೋ ಪ್ರಕರಣಗಳು ಮುಗಿಯುತ್ತವೆ. ಮಕ್ಕಳ ಜೀವನಾಂಶ ಮತ್ತು ಬಹುಪಾಲು ಶಿಕ್ಷಣ ಸಾಲ ಮಾತ್ರ ಬೆನ್ನು ಬಿಡುವುದಿಲ್ಲ.

ಹಾಗಾದರೆ ದೋಷ ಕಾನೂನಿನದೋ ಫಾರ್ಮಿನದೋ? 2016ರಲ್ಲಿ ಶುರುವಾದ ಅಪ್‌ಸಾಲ್ವ್ ಎಂಬ ಲಾಭರಹಿತ ಸಂಸ್ಥೆ ಸರಳ ಚಾಪ್ಟರ್ 7 ಪ್ರಕರಣಗಳಿಗೆ ಪ್ರಶ್ನೋತ್ತರದ ಮೂಲಕ ಉಚಿತವಾಗಿ ಅರ್ಜಿ ಸಿದ್ಧಮಾಡಿಕೊಡುತ್ತಿದೆ. ಜಟಿಲವಾದರೆ ವಕೀಲರತ್ತ ಕಳಿಸುತ್ತದೆ. ಪ್ರಶ್ನೆಗಳನ್ನು ಸರಿಯಾದ ಕ್ರಮದಲ್ಲಿ ಕೇಳಿದರೆ ಅರ್ಧ ದಾರಿ ಸವೆಯುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಕೋರ್ಟೇ ಇದನ್ನು ಮಾಡಬೇಕಿತ್ತು. ದುಡ್ಡು ಪಡೆದು ಅರ್ಜಿ ತುಂಬಿಕೊಡುವವರೂ ಇದ್ದಾರೆ, ಆದರೆ ಸಲಹೆ ಕೊಡಲು ಅವರಿಗೆ ಅನುಮತಿಯಿಲ್ಲ. ಅವರಿಗೆ ಕೊಡುವ ಹಣ ನನ್ನ ಲೆಕ್ಕದಲ್ಲಿ ದಂಡ.

ಮನೆ ಇಲ್ಲದ, ಹಳೆಯ ಕಾರೊಂದನ್ನು ಬಿಟ್ಟು ಬೇರೇನೂ ಇಲ್ಲದ ಸಂಬಳದವರಿಗೆ ವಕೀಲರಿಲ್ಲದ ಚಾಪ್ಟರ್ 7 ನಿಜವಾದ ಹಕ್ಕು. ಮನೆ ಉಳಿಸಿಕೊಳ್ಳಲು ಮೂರರಿಂದ ಐದು ವರ್ಷ ಕಂತು ಕಟ್ಟುವ ಚಾಪ್ಟರ್ 13ಕ್ಕೆ ಒಬ್ಬರೇ ಇಳಿಯುವುದು ದುಡುಕು.

ನಮ್ಮಲ್ಲಿ? 2016ರ ದಿವಾಳಿ ಸಂಹಿತೆ ವರ್ಷಕ್ಕೆ 60,000 ರೂ. ಮೀರದ ಆದಾಯ, 20,000 ರೂ. ಮೀರದ ಆಸ್ತಿ, 35,000 ರೂ. ಮೀರದ ಸಾಲ ಇರುವ, ಸ್ವಂತ ಮನೆಯಿಲ್ಲದವರಿಗೆ ತಾವೇ ಅರ್ಜಿ ಹಾಕಿ ಋಣಮುಕ್ತರಾಗುವ ದಾರಿಯನ್ನು ಬರೆದಿಟ್ಟಿತು. ವ್ಯಕ್ತಿಗಳ ಕುರಿತ ಆ ಭಾಗ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಕರ್ನಾಟಕದ ಸಾಮಾನ್ಯ ಸಾಲಗಾರರಿಗೆ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಅರ್ಜಿ ಹಾಕಲು ಅದು ನಿಗದಿಮಾಡಿದ ಸಾಲದ ಮೊತ್ತ 500 ರೂಪಾಯಿ.