ಕಪ್ಪೆಯ ಪಕ್ಕೆಯಲ್ಲೊಂದು ಅಣಬೆ: ಒಂದು ಚಿತ್ರದ ಸಾಧನೆ ಮತ್ತು ಕೊರತೆ

ಕಡ್ಡಿಯೊಂದರ ಮೇಲೆ ಕೂತ ಹೊಂಬೆನ್ನಿನ ಕಪ್ಪೆ. ಅದರ ಎಡಪಕ್ಕೆಯಿಂದ ಹೊರಚಾಚಿದ ಪುಟ್ಟ ಅಣಬೆ: ನೂಲಿನಂಥ ಕಾಂಡ, ತುದಿಯಲ್ಲಿ ಮಾಸಲು ಬಿಳಿಯ ಕೊಡೆ. 2023ರ ಜೂನ್ ತಿಂಗಳಲ್ಲಿ ಕಾರ್ಕಳ ತಾಲೂಕಿನ ಮಾಳದಲ್ಲಿ, ರಸ್ತೆ ಪಕ್ಕದ ಮಳೆನೀರಿನ ಹೊಂಡದಲ್ಲಿ ತೆಗೆದ ಚಿತ್ರವಿದು. ಡಬ್ಲ್ಯುಡಬ್ಲ್ಯುಎಫ್-ಇಂಡಿಯಾದ ನದಿ ಮತ್ತು ಜೌಗುಪ್ರದೇಶಗಳ ತಜ್ಞ ಲೋಹಿತ್ ವೈ.ಟಿ. ಗೆಳೆಯರೊಡನೆ ಕಪ್ಪೆ, ಹಾವುಗಳನ್ನು ನೋಡಲು ಹೋಗಿದ್ದರು. ಹೊಂಡದಲ್ಲಿದ್ದ ಹತ್ತಾರು ಕಪ್ಪೆಗಳಲ್ಲಿ ಈ ಒಂದು ಕಣ್ಣಿಗೆ ಬಿತ್ತು. ಮರುವರ್ಷ ‘ರೆಪ್ಟೈಲ್ಸ್ ಅಂಡ್ ಆಂಫಿಬಿಯನ್ಸ್’ ಪತ್ರಿಕೆಯಲ್ಲಿ ಈ ಸಂಗತಿ ಟಿಪ್ಪಣಿಯಾಗಿ ಬಂತು, ಚಿತ್ರ ಲೋಕವೆಲ್ಲ ಸುತ್ತಿತು. ಬದುಕಿರುವ ಕಪ್ಪೆಯ ಮೈಮೇಲೆ ಅಣಬೆ ಬೆಳೆದದ್ದಕ್ಕೆ ತಿಳಿದಮಟ್ಟಿಗೆ ಇದೇ ಮೊದಲ ದಾಖಲೆ.

ಪಶ್ಚಿಮಘಟ್ಟದ ಕಾಡಿನಲ್ಲಿ ಕ್ಯಾಮೆರಾ ಹಿಡಿದು ಓಡಾಡುವ ಬಹಳ ಮಂದಿ ತಮ್ಮ ಕೆಲಸಕ್ಕೆ ಸಂರಕ್ಷಣೆಯ ಹೆಸರು ಕೊಡುತ್ತಾರೆ. ಆ ಮಾತು ಎಷ್ಟರ ಮಟ್ಟಿಗೆ ನಿಜ ಎಂದು ತೂಗಿ ನೋಡಲು ಮಾಳದ ಈ ಚಿತ್ರಕ್ಕಿಂತ ಒಳ್ಳೆಯ ನಿದರ್ಶನ ಸಿಗದು.

ಮೊದಲು ಇದರ ಹೆಚ್ಚುಗಾರಿಕೆ. ಅಣಬೆ ಚಿತ್ರಗಳೆಂದರೆ ಸಾಮಾನ್ಯವಾಗಿ ಹಿನ್ನೆಲೆಯೆಲ್ಲ ಮಸುಕಾಗಿ, ಕೊಡೆಯೊಂದೇ ಒಡವೆಯಂತೆ ಹೊಳೆಯುತ್ತಿರುತ್ತದೆ. ಅದು ಯಾವ ಮರದ ಬುಡದ್ದು, ಎಷ್ಟು ದೊಡ್ಡದು, ಸುತ್ತ ಏನಿತ್ತು ಎಂಬುದು ತಿಳಿಯುವುದಿಲ್ಲ. ಇಲ್ಲಿ ಹಾಗಿಲ್ಲ. ಕಪ್ಪೆಯ ಇಡೀ ದೇಹ ಕಾಣುವುದರಿಂದ ಅಣಬೆಯ ಅಳತೆ ಸಿಗುತ್ತದೆ. ಎರಡು ಜೀವಗಳ ಸಂಬಂಧವೇ ಚಿತ್ರದ ವಸ್ತುವಾಗಿದೆ. ಅಂದವಾಗಿ ತೋರಿಸಬೇಕೆಂಬ ಹಟಕ್ಕಿಂತ ಕಂಡದ್ದನ್ನು ಕಂಡಂತೆ ಹಿಡಿಯುವ ಸಂಯಮ ಇಲ್ಲಿ ಮೇಲುಗೈ ಪಡೆದಿದೆ.

ಅದಕ್ಕಿಂತ ದೊಡ್ಡ ಮಾತು, ಲೋಹಿತ್ ಮತ್ತು ಗೆಳೆಯರು ಆ ಕಪ್ಪೆಯನ್ನು ಹಿಡಿದೊಯ್ಯಲಿಲ್ಲ. ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಚಿತ್ರ ನೋಡಿದ ಶಿಲೀಂಧ್ರ ತಜ್ಞರು ಅದನ್ನು ‘ಮೈಸಿನಾ’ ಕುಲದ ಅಣಬೆಯೆಂದು ಗುರುತಿಸಿದರು, ಅದರಾಚೆ ಹೋಗಲಾಗಲಿಲ್ಲ. ಬೀಜಕಗಳನ್ನು ಸೂಕ್ಷ್ಮದರ್ಶಕದಡಿ ನೋಡದೆ, ಡಿಎನ್‌ಎ ಪರೀಕ್ಷಿಸದೆ ಯಾವ ಪ್ರಭೇದ ಎಂದು ಹೇಳಲು ಬರುವುದಿಲ್ಲ. ಮೈಸಿನಾಗಳು ಹೆಚ್ಚಾಗಿ ಕೊಳೆತ ಮರ, ತರಗೆಲೆಗಳ ಮೇಲೆ ಬದುಕುವಂಥವು. ಈ ಅಣಬೆ ಚರ್ಮದೊಳಕ್ಕೆ ಇಳಿದಿತ್ತೋ, ಮೈಗಂಟಿದ ಕಸದ ಮೇಲಷ್ಟೇ ಬೆಳೆದಿತ್ತೋ ಎಂಬ ಪ್ರಶ್ನೆಯೂ ಹಾಗೆಯೇ ಉಳಿದಿದೆ. ವಿಜ್ಞಾನದ ಕಡೆಯಿಂದ ಇದು ನ್ಯಾಯವಾದ ಆಕ್ಷೇಪ. ಆದರೂ ಕಪ್ಪೆಯನ್ನು ಬಿಟ್ಟುಬಂದದ್ದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅದಕ್ಕೆ ಕಾರಣ ಇದೇ ಘಟ್ಟದ ದಕ್ಷಿಣ ಭಾಗದಲ್ಲಿದೆ. ಕೇರಳದ ಮತಿಕೆಟ್ಟಾನ್ ಶೋಲಾದಲ್ಲಿ, ಬೆರಳ ತುದಿಯಷ್ಟು ಗಾತ್ರದ, ಕಪ್ಪು ಮೈಮೇಲೆ ಚುಕ್ಕಿ ಹೊತ್ತ ‘ಗ್ಯಾಲಕ್ಸಿ ಕಪ್ಪೆ’ಗಳನ್ನು 2020ರಲ್ಲಿ ಸಂಶೋಧಕರು ನೋಡಿದ್ದರು. ಕೊಳೆತ ದಿಮ್ಮಿಗಳ ಅಡಿಯೇ ಅವುಗಳ ಮನೆ. ಆಮೇಲೆ ಛಾಯಾಗ್ರಾಹಕರ ಗುಂಪುಗಳು ಬಂದು ದಿಮ್ಮಿ ಮಗುಚಿ, ಕಪ್ಪೆಗಳನ್ನು ಕೈಯಲ್ಲಿ ಹಿಡಿದು, ಫ್ಲ್ಯಾಶ್ ಹೊಡೆದು ಹೋದವು ಎಂದು ವರದಿಯಾಗಿದೆ. ಸಂಶೋಧಕರು ಮರಳಿ ಹೋದಾಗ ದಿಮ್ಮಿ ಮುರಿದಿತ್ತು, ಸುತ್ತಲ ಗಿಡಗಳು ತುಳಿದುಹೋಗಿದ್ದವು, ಕಪ್ಪೆಗಳು ಇರಲಿಲ್ಲ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನೀರನ್ನು ಚರ್ಮದಿಂದಲೇ ಹೀರಿಕೊಳ್ಳುತ್ತದೆ. ನಮ್ಮ ಕೈಯ ಬಿಸಿ, ಬೆವರು, ಸೊಳ್ಳೆ ಮುಲಾಮು ಅದಕ್ಕೆ ಕುತ್ತು. ಒಳ್ಳೆಯ ಚಿತ್ರಕ್ಕಾಗಿ ಕಪ್ಪೆಯನ್ನು ಎತ್ತಿ ಎಲೆಯ ಮೇಲಿಡುವವರು, ಗುಳಿಮಂಡಲ ಹಾವನ್ನು ಕೊಂಬೆಯಿಂದ ಕೊಂಬೆಗೆ ದಾಟಿಸುವವರು ಮಲೆನಾಡಿನಲ್ಲೂ ಇದ್ದಾರೆ. ಅವರ ಚಿತ್ರ ಎಷ್ಟೇ ಚೆಂದವಿರಲಿ, ಸಂರಕ್ಷಣೆಯ ಹೆಸರು ಅದಕ್ಕೆ ಸಲ್ಲದು.

ಇನ್ನು ಮಾಳದ ಚಿತ್ರದ ಕೊರತೆ. ಅದು ತೆಗೆದವರದ್ದಲ್ಲ, ಹಂಚಿದವರದ್ದು ಮತ್ತು ನೋಡಿದ ನಮ್ಮದು. ಸುದ್ದಿಯಾಗುತ್ತಿದ್ದಂತೆ ಮಾತು ‘ಜೋಂಬಿ’ ಕಥೆಗಳ ಕಡೆಗೆ, ಮನುಷ್ಯರ ಮೈಮೇಲೆ ಶಿಲೀಂಧ್ರ ಬೆಳೆಯುವ ಧಾರಾವಾಹಿಯ ಕಡೆಗೆ ಹೊರಳಿತು. ಕಪ್ಪೆಗಳಿಗೆ ಶಿಲೀಂಧ್ರದ ಭಯ ನಿಜವಾಗಿಯೂ ಇದೆ: ಕೈಟ್ರಿಡ್ ಎಂಬ ಚರ್ಮರೋಗದ ಶಿಲೀಂಧ್ರದಿಂದ ಜಗತ್ತಿನಲ್ಲಿ 501 ಉಭಯಚರ ಪ್ರಭೇದಗಳು ಕುಸಿದಿವೆ, ಅವುಗಳಲ್ಲಿ 90 ಅಳಿದುಹೋಗಿರಬಹುದು ಎಂದು 2019ರ ಅಧ್ಯಯನವೊಂದು ಲೆಕ್ಕ ಹಾಕಿತು. ಮಾಳದ ಚಿತ್ರ ಈ ಚರ್ಚೆಗೆ ಬಾಗಿಲಾಗಬಹುದಿತ್ತು. ಆ ಹೊಂಡ ಯಾರದು, ರಸ್ತೆ ಅಗಲವಾದರೆ ಅದು ಉಳಿಯುತ್ತದೆಯೇ, ಅಲ್ಲಿ ಪ್ರತಿ ಮಳೆಗಾಲ ಸೇರುವ ಕಪ್ಪೆಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದವರು ವಿರಳ. ಸೋಜಿಗ ಹುಟ್ಟಿತು, ಆದರೆ ಅದು ಮಾಳದ ಮಣ್ಣಿಗೆ ಇಳಿಯಲಿಲ್ಲ.

ಚಿತ್ರವೊಂದು ಮಣ್ಣಿಗಿಳಿದು ಕೆಲಸ ಮಾಡಿದ ಉದಾಹರಣೆ ಮಾಳದ ಬೆನ್ನಿಗಿರುವ ಬೆಟ್ಟದಲ್ಲೇ ಇದೆ. ಕುದುರೆಮುಖದ ಕಬ್ಬಿಣದ ಅದಿರು ಗಣಿಗಾರಿಕೆಯ ಬಗ್ಗೆ ಶೇಖರ್ ದತ್ತಾತ್ರಿ 2001ರಲ್ಲಿ ‘ಮೈಂಡ್‌ಲೆಸ್ ಮೈನಿಂಗ್’ ಎಂಬ ಕಿರುಚಿತ್ರ ಮಾಡಿದರು. ಅದರಲ್ಲಿ ಕಾಡಿನ ಸೊಬಗೂ ಇತ್ತು, ಬಗೆದ ಬೆಟ್ಟವೂ ಇತ್ತು, ಹೂಳಿನಿಂದ ಕೆಂಪಾದ ಭದ್ರಾ ನದಿಯೂ ಇತ್ತು. ಕಾರಣ ಮತ್ತು ಪರಿಣಾಮ ಎರಡನ್ನೂ ಅದು ಒಟ್ಟಿಗೆ ತೋರಿಸಿತು. ಜೊತೆಗೆ ‘ವೈಲ್ಡ್‌ಲೈಫ್ ಫಸ್ಟ್’ ಸಂಸ್ಥೆಯ ಕಾನೂನು ಹೋರಾಟವಿತ್ತು. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ನೀಡಿತು, 2005ರ ಕೊನೆಗೆ ಗಣಿ ನಿಂತಿತು. ಚಿತ್ರವೊಂದರಿಂದಲೇ ಇದಾಯಿತು ಎನ್ನುವುದು ಅತಿಯಾದೀತು. ದಾಖಲೆ ಹಿಡಿದು ಹೋರಾಡುವವರ ಕೈಗೆ ಸರಿಯಾದ ಚಿತ್ರ ಸಿಕ್ಕಿದಾಗ ಏನಾಗುತ್ತದೆ ಎಂಬುದನ್ನಂತೂ ಇದು ತೋರಿಸುತ್ತದೆ.

ಅಣಬೆಗಳಿಗೆ ಇಂಥ ಚಿತ್ರಗಳ ಅಗತ್ಯ ಇನ್ನೂ ಹೆಚ್ಚು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗಳಲ್ಲಿ ಪ್ರಾಣಿಗಳಿವೆ, ಸಸ್ಯಗಳಿವೆ, ಶಿಲೀಂಧ್ರಗಳಿಗೆಂದು ಪಟ್ಟಿಯಿಲ್ಲ. ಚಿಲಿ ದೇಶ ತನ್ನ ಪರಿಸರ ಕಾನೂನಿನಲ್ಲಿ ಅವುಗಳಿಗೆ ಜಾಗ ಕೊಟ್ಟು ದಶಕ ದಾಟಿದೆ. ಐಯುಸಿಎನ್ ಕೆಂಪುಪಟ್ಟಿಗೆ 2025ರ ಹೊತ್ತಿಗೆ ಸುಮಾರು 1,300 ಶಿಲೀಂಧ್ರ ಪ್ರಭೇದಗಳ ಮೌಲ್ಯಮಾಪನ ಮುಗಿದು, 411 ಅಪಾಯದಲ್ಲಿವೆ ಎಂದು ತಿಳಿಯಿತು. ಹೆಸರು ಪಡೆದ ಶಿಲೀಂಧ್ರಗಳೇ ಒಂದೂವರೆ ಲಕ್ಷ ದಾಟುವಾಗ ಇದು ತೀರಾ ಸಣ್ಣ ಆರಂಭ.

ಕಾರ್ಕಳದವರಿಗೆ ಚೆನ್ನಾಗಿ ಗೊತ್ತಿರುವ ಕಲ್ಲಣಬೆಯನ್ನೇ ನೋಡಿ. ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ ಕಾಡಿನ ನೆಲ ಕೆದಕಿ ಹೆಕ್ಕಿ ತರುವ, ಗೋಲಿಯಂತೆ ಉರುಟಾದ ಈ ಅಣಬೆಗೆ ಕೊಡೆಯೂ ಇಲ್ಲ, ಕಾಂಡವೂ ಇಲ್ಲ. ಮಣ್ಣು ತೊಳೆದು ಕತ್ತರಿಸಿದಾಗ ಒಳಗೆ ಬೆಳ್ಳಗಿದ್ದರೆ ಅಡುಗೆಗೆ, ಕಪ್ಪಾಗಿದ್ದರೆ ಎಸೆಯಬೇಕು. ದುಬಾರಿ ಬೆಲೆ ಕೊಟ್ಟು ಜನ ಕೊಳ್ಳುತ್ತಾರೆ, ಆದರೆ ಛಾಯಾಗ್ರಾಹಕರ ಕಣ್ಣಿಗೆ ಅದು ಬೀಳುವುದಿಲ್ಲ. ಅದು ಬೋಗಿ ಜಾತಿಯ ಮರಗಳ ಬೇರಿನೊಡನೆ ಕೊಡುಕೊಳ್ಳುವಿಕೆಯಲ್ಲಿ ಬದುಕುತ್ತದೆ: ಮರದಿಂದ ಸಕ್ಕರೆ ಪಡೆದು, ಮಣ್ಣಿನ ನೀರು, ರಂಜಕಗಳನ್ನು ಮರಕ್ಕೆ ಒದಗಿಸುತ್ತದೆ. ಮರ ಕಡಿದರೆ ಅಣಬೆಯೂ ಹೋಗುತ್ತದೆ. ಕಲ್ಲಣಬೆಯನ್ನು ಅದರ ಮರ, ಬೇರು, ಹೆಕ್ಕುವ ಕೈಗಳೊಡನೆ ತೋರಿಸುವ ಚಿತ್ರಮಾಲೆ ಬಂದರೆ, ಊರಿನವರಿಗೆ ಆ ಕಾಡನ್ನು ಉಳಿಸಿಕೊಳ್ಳಲು ತಮ್ಮದೇ ಕಾರಣ ಸಿಗುತ್ತದೆ.

ಹಾಗಾಗಿ ಈ ಕಲೆಯನ್ನು ಅಳೆಯುವಾಗ ಬೆಳಕು, ವಿನ್ಯಾಸ, ಹರಿತಗಳ ಜೊತೆಗೆ ಇನ್ನಷ್ಟು ಕೇಳಬೇಕು. ಜೀವಿಯನ್ನು ಮುಟ್ಟದೆ, ಕೀಳದೆ, ಜಾಗ ಬದಲಿಸದೆ ತೆಗೆದದ್ದೇ? ಅಣಬೆಯಾದರೆ ಕೊಡೆಯ ಅಡಿಭಾಗ, ಕಾಂಡದ ಬುಡ, ಅದು ಬೆಳೆದ ಮರ ಅಥವಾ ಮಣ್ಣು ದಾಖಲಾಗಿವೆಯೇ? ದಿನಾಂಕ ಮತ್ತು ಸ್ಥಳ ಅಧ್ಯಯನ ಮಾಡುವವರಿಗೆ ತಲುಪಿವೆಯೇ, ಅಪರೂಪದ ಜೀವಿಯಾದರೆ ಜಾಗವನ್ನು ಸಾರ್ವಜನಿಕರಿಂದ ಮುಚ್ಚಿಡಲಾಗಿದೆಯೇ? ಆ ನೆಲಕ್ಕೆ ಇರುವ ಬೆದರಿಕೆಯನ್ನು ಚಿತ್ರದ ಜೊತೆಗಿನ ಬರಹ ಹೇಳುತ್ತದೆಯೇ?

ಮಾಳದ ಚಿತ್ರ ಇವುಗಳಲ್ಲಿ ಮೊದಲನೆಯದನ್ನು ಪೂರ್ತಿಯಾಗಿ ಗೆದ್ದಿದೆ; ತೆಗೆದವರು ಅದನ್ನು ವಿಜ್ಞಾನಿಗಳ ಮುಂದಿಟ್ಟು ಇನ್ನೊಂದನ್ನೂ ಸಾಧಿಸಿದರು. ಬೆದರಿಕೆಯನ್ನು ಹೇಳುವ ಕೆಲಸ ಬಾಕಿಯಿದೆ. ಅದನ್ನು ಕಾರ್ಕಳ, ಮಾಳದ ಶಾಲೆ, ಪಂಚಾಯಿತಿಗಳು ಈಗಲೂ ಕೈಗೆತ್ತಿಕೊಳ್ಳಬಹುದು: ಊರಿನ ಮಳೆಹೊಂಡಗಳನ್ನು ಗುರುತಿಸಿ, ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಯಲ್ಲಿ ಚಿತ್ರಸಹಿತ ಸೇರಿಸಿ, ರಸ್ತೆ ಕಾಮಗಾರಿ ಬಂದಾಗ ಆ ಪುಟವನ್ನು ತೆರೆದು ತೋರಿಸಬಹುದು. ಜಗತ್ತು ನೋಡಿ ಮರೆತ ಚಿತ್ರವನ್ನು ಊರು ತನ್ನ ದಾಖಲೆಯಾಗಿಸಿಕೊಂಡ ದಿನ, ಅದು ಸಂರಕ್ಷಣೆಯ ಚಿತ್ರ ಎಂಬ ಹೆಸರಿಗೆ ನಿಜವಾಗಿ ಅರ್ಹವಾಗುತ್ತದೆ.