ಕಡಲ ದಂಡೆಯಿಂದ ಕಂಡ ಹಿಮ

ಸಮುದ್ರ, ಪರ್ವತ, ಪುರ, ಋತು—ಇವು ನಮ್ಮ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಸೇರಿದವು. ಈ ನಾಲ್ಕೂ ಒಂದೇ ನೋಟದೊಳಗೆ ಕೂಡಿಬರುವ ಸ್ಥಳಗಳು ಲೋಕದಲ್ಲಿ ವಿರಳ. ಫ್ರಾನ್ಸಿನ ದಕ್ಷಿಣ ತೀರದಲ್ಲಿರುವ ಆಂತೀಬ್ ಪಟ್ಟಣವು ಅಂಥದೊಂದು. ಮುಂದೆ ಭೂಮಧ್ಯ ಸಮುದ್ರ. ಬೆನ್ನಿಗೆ, ಸುಮಾರು 60 ಕಿಲೋಮೀಟರು ದೂರದಲ್ಲಿ, 3000 ಮೀಟರನ್ನು ಮೀರಿದ ಆಲ್ಪ್ಸ್ ಶಿಖರಗಳು. ಸಾವಿರ ಮೀಟರು ಏರಿದರೆ ಶಾಖವು ಆರೇಳು ಡಿಗ್ರಿಯಷ್ಟು ಇಳಿಯುವುದರಿಂದ, ಶರತ್ಕಾಲದ ಕೊನೆಯಲ್ಲಿ ಪಟ್ಟಣದ ಮೇಲೆ ಬರಿಯ ಮಳೆ ಬಿದ್ದ ರಾತ್ರಿಯೇ ಅಲ್ಲಿ ಹಿಮ ಬಿದ್ದಿರುತ್ತದೆ. ಬೆಳಗಾಗಿ ಮೋಡ ಸರಿದೊಡನೆ, ನಿನ್ನೆ ಬೂದಾಗಿದ್ದ ಬೆಟ್ಟ ಇಂದು ಬೆಳ್ಳಗಿರುವುದನ್ನು ಊರವರು ಕಾಣುತ್ತಾರೆ.

ಈ ನೋಟವನ್ನು ಮೋಪಾಸಾನು 1886ರಲ್ಲಿ ಪ್ರಕಟಿಸಿದ ‘ಮದಾಂ ಪಾರೀಸ್’ ಎಂಬ ಸಣ್ಣ ಕಥೆಯ ಮೊದಲಲ್ಲಿ ಇಟ್ಟಿದ್ದಾನೆ. ನಿರೂಪಕನು ಲಾ ಸಾಲಿಸ್ ಎಂಬಲ್ಲಿ ಕುಳಿತು ಸೂರ್ಯಾಸ್ತವನ್ನು ನೋಡುತ್ತಾನೆ. ಕೋಟೆಯ ಬುಡದಲ್ಲಿ ನೊರೆಯ ಬಿಳುಪು, ದಿಗಂತದಲ್ಲಿ ಹಿಮದ ಬಿಳುಪು, ನಡುವೆ ಪಟ್ಟಣ. 1888ರಲ್ಲಿ ಚಿತ್ರಕಾರ ಮೋನೆಯೂ ಅದೇ ಲಾ ಸಾಲಿಸಿನಿಂದ ಆಂತೀಬನ್ನು ಚಿತ್ರಿಸಿದನು. ಆದರೆ ಮೋನೆಗೆ ದೃಶ್ಯವು ಬೆಳಕಿನ ಪಾತ್ರೆ ಮಾತ್ರ. ಕಥೆಗಾರನಿಗೆ ಅದು ಕಥೆಯ ಬೀಜ.

ಕಥೆಯಾದರೋ ಅಲ್ಪವಾದುದು. ಕೋಟೆಯ ದಳಪತಿಯೊಬ್ಬನು ಅಧಿಕಾರಿಯೊಬ್ಬನ ಹೆಂಡತಿಯನ್ನು ಪ್ರೀತಿಸುತ್ತಾನೆ. ಅವಳ ಗಂಡ ಊರಿಗೆ ಮರಳುವ ರಾತ್ರಿ, ಮುತ್ತಿಗೆಯೇ ಬಂದಿತೆಂಬಂತೆ ಪಟ್ಟಣದ ಬಾಗಿಲುಗಳನ್ನು ಮುಚ್ಚಿಸುತ್ತಾನೆ. ಗಂಡನಿಗೆ ರೈಲುನಿಲ್ದಾಣವೇ ಗತಿ. ಇದನ್ನು ಬರಿದೆ ಹೇಳಿದ್ದರೆ ಚಾವಡಿಯ ಹಾಸ್ಯವಾಗುತ್ತಿತ್ತು. ಹೋಮರನ ಕಾವ್ಯಗಳನ್ನು ನೆನಪಿಗೆ ತರುವ ಆ ಕಡಲೂ, ಗೋಡೆಯಂತೆ ನಿಂತ ಆ ಹಿಮವೂ ಮೊದಲೇ ಬಂದಿರುವುದರಿಂದ, ನಗೆಯ ಹಿಂದೆ ಒಂದು ಘನತೆ ನಿಲ್ಲುತ್ತದೆ. ವರ್ಣನೆ ಇಲ್ಲಿ ತೊಡಿಸಿದ ಒಡವೆಯಲ್ಲ, ಕಥೆಯ ಅಸ್ಥಿ. ಇದೇ ಔಚಿತ್ಯ.

ಆದರೂ ಒಂದು ಮಾತನ್ನು ಹೇಳದೆ ವಿಧಿಯಿಲ್ಲ. ಈ ಹಿಮ ಪ್ರವಾಸಿಯು ಕಂಡ ಹಿಮ. ಅದು ಎಂದು ಬಂದಿತೆಂಬುದನ್ನು ಅವನು ಅರಿಯನು. ಬಂದಾಗಲೇ ಇದ್ದಿತು, ಆದುದರಿಂದ ಅವನಿಗೆ ಅದು ಶಾಶ್ವತವಾದ ಗೋಡೆ. ಮೋನೆಯೂ ಬಂದದ್ದು ಜನವರಿಯಲ್ಲಿ. ಮೊದಲ ಹಿಮವನ್ನು ಕಾಣುವ ಅಧಿಕಾರ, ಹಿಮವಿಲ್ಲದ ಬೆಟ್ಟವನ್ನು ಬೇಸಗೆಯುದ್ದಕ್ಕೂ ನೋಡಿದವರಿಗೆ ಮಾತ್ರ ಉಂಟು. ಈ ಕಥೆಯಲ್ಲಿ ಅಂಥವಳು ಒಬ್ಬಳಿದ್ದಾಳೆ: ನಿರೂಪಕನ ಮುಂದೆಯೇ ನಿಧಾನವಾಗಿ ನಡೆದುಹೋಗುವ, ಪ್ರಿಯನು ಬಿಟ್ಟುಹೋದ ಮದಾಂ ಪಾರೀಸ್. ಬಾಗಿಲು ಮುಚ್ಚಿದ ಆ ಒಂದು ರಾತ್ರಿಯ ಬಳಿಕ ಎಷ್ಟು ಬಾರಿ ಬೆಟ್ಟ ಬೆಳ್ಳಗಾಯಿತೋ ಅವಳು ಬಲ್ಲಳು. ನಮಗೆ ಚೆಲುವಾದುದು ಅವಳಿಗೆ ವರ್ಷಗಳ ಲೆಕ್ಕ.

ಮೋಪಾಸಾನು ಆ ಲೆಕ್ಕವನ್ನು ಬರೆಯಲಿಲ್ಲ. ನಿರೂಪಕನು ಪರಊರಿನವನಾದುದರಿಂದ ಅವನ ಕಣ್ಣಿಗೆ ಮೀರಿದುದನ್ನು ಹೇಳದಿರುವುದು ನ್ಯಾಯವೇ ಸರಿ. ಹಾಗಿದ್ದರೂ ಆ ಹೆಂಗಸನ್ನು ಹಿಮದೆದುರು ನಡೆಯಿಸಿ ಸುಮ್ಮನಾದ ಲೇಖಕನು, ಉಳಿದುದನ್ನು ನಮ್ಮ ಪಾಲಿಗೆ ಬಿಟ್ಟಿದ್ದಾನೆ. ಕಥೆಯನ್ನು ನಕ್ಕು ಮುಗಿಸಿದ ವಾಚಕರು ಮೊದಲ ಪುಟಕ್ಕೆ ಹಿಂದಿರುಗಿ, ಒಮ್ಮೆ ಅವಳ ಕಣ್ಣಿನಿಂದ ಆ ಬೆಟ್ಟವನ್ನು ನೋಡಲಿ. ನಗೆ ಅಲ್ಲಿಯೇ ನಿಲ್ಲುತ್ತದೆ.